ದೂರದರ್ಶನದ ಅಸ್ತ್ರಪ್ರದರ್ಶನವೂ ನಮ್ಮ ಮಕ್ಕಳೂ
(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕಾಸರಗೋಡಿನ ಕನ್ನಡಿಗರಾದ ನಾವು ವರ್ಷಕ್ಕೊಮ್ಮೆ ಹೀಗೆ ಕಲೆತಾಗ ಮಕ್ಕಳ ಕನ್ನಡದ ಅಳಿವು ಉಳಿವುಗಳ ಮಾತು ಬಂದೇ ಬರುತ್ತದೆ. ಅದನ್ನು ನನಗಿಂತ ಬಲ್ಲವರು ಈಗಾಗಲೇ ಆಡಿರುವರು. ಮಕ್ಕಳ ವಿಚಾರವಾಗಿಯೇ ಬೇರೊಂದು ಮಾತನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇನೆ. ಯುದ್ಧಾಯುಧಗಳನ್ನು ವರ್ಣಿಸುವ ದೂರದರ್ಶನದ ಕಾರ್ಯಕ್ರಮಗಳು ಮಕ್ಕಳಿಗೆ ತಕ್ಕವೇ ಎಂಬುದೇ ಆ ಪ್ರಶ್ನೆ.

2025ರ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನನ್ನ ತರಗತಿಯ ಹುಡುಗನೊಬ್ಬನು ಎದ್ದು, “ಮಾಸ್ಟ್ರೇ, ಬ್ರಹ್ಮೋಸ್ ಅಂದರೆ ಬ್ರಹ್ಮಾಸ್ತ್ರವೇ ಅಲ್ಲವೇ?” ಎಂದು ಕೇಳಿದನು. ಬ್ರಹ್ಮಪುತ್ರಾ, ರಷ್ಯಾದ ಮಾಸ್ಕ್ವಾ ಎಂಬ ಎರಡು ನದಿಗಳ ಹೆಸರು ಕೂಡಿ ಆ ಪದವಾಯಿತೆಂದು ತಿಳಿಸಿದೆ. ಹುಡುಗನು ಅಷ್ಟಕ್ಕೆ ನಿಲ್ಲಲಿಲ್ಲ. ಹತ್ತಾರು ಕ್ಷಿಪಣಿಗಳ ವೇಗ, ತೂಕ, ದೂರಗಳನ್ನು ಮಗ್ಗಿಯಂತೆ ಒಪ್ಪಿಸಿದನು. ಅವನ ಜ್ಞಾಪಕಶಕ್ತಿಗೆ ಮೆಚ್ಚಿ, “ಅದು ಬಿದ್ದ ಕಡೆ ಏನಾಗುತ್ತದೆ?” ಎಂದು ಕೇಳಿದೆ. “ಗುರಿ ನಾಶವಾಗುತ್ತದೆ” ಎಂದನು. ಅಲ್ಲಿ ಯಾರಿದ್ದರು ಎಂದುದಕ್ಕೆ ಅವನಲ್ಲಿ ಉತ್ತರವಿರಲಿಲ್ಲ.

ಅದೇ ತರಗತಿಯ ಹಿಂದಿನ ಸಾಲಿನಲ್ಲಿ ಒಬ್ಬ ಬಾಲಕಿ ತಲೆತಗ್ಗಿಸಿ ಕುಳಿತಿದ್ದಳು. ಅವಳ ತಂದೆ ಗಡಿಯಲ್ಲಿ ಸೈನಿಕರು. ಮೇ ತಿಂಗಳ ಆ ಕದನದ ದಿನಗಳಲ್ಲಿ ವಾರ್ತಾವಾಹಿನಿಗಳು ಬಾಣ ಬಿರುಸುಗಳ ಚಿತ್ರದೊಡನೆ ಎಡೆಬಿಡದೆ ಮೊಳಗಿಸಿದ ಅಪಾಯದ ಕೂಗನ್ನು ಕೇಳಿ ಮಗು ರಾತ್ರಿಯೆಲ್ಲ ಎಚ್ಚರವಾಗಿರುತ್ತಿತ್ತೆಂದು ತಾಯಿ ನನಗೆ ಆಮೇಲೆ ಹೇಳಿದರು. 2025ರ ಮೇ 10ರಂದು ಕೇಂದ್ರ ಗೃಹಖಾತೆಯ ನಾಗರಿಕ ರಕ್ಷಣಾ ವಿಭಾಗವೇ, ಜನರಿಗೆ ತಿಳಿವಳಿಕೆ ನೀಡುವುದಕ್ಕಲ್ಲದೆ ಆ ಕೂಗನ್ನು ಬಳಸಕೂಡದೆಂದು ವಾಹಿನಿಗಳಿಗೆ ತಿಳಿಸಬೇಕಾಯಿತು. ನಾನೂ ಆ ದಿನಗಳಲ್ಲಿ ಊಟದ ಹೊತ್ತಿನಲ್ಲಿಯೂ ಪೆಟ್ಟಿಗೆಯನ್ನು ಆರಿಸದೆ ಕುಳಿತವನೇ. ನನ್ನ ಮಕ್ಕಳು ಅಲ್ಲಿಯೇ ಇದ್ದರು. ಆದುದರಿಂದ ಈ ಮಾತು ಮೊದಲು ನನಗೇ ಹೇಳಿಕೊಳ್ಳುವ ಮಾತು.

ಇಂತಹ ಕಾರ್ಯಕ್ರಮಗಳ ರೀತಿಯನ್ನು ಸ್ವಲ್ಪ ವಿಚಾರಿಸೋಣ. 2006ರಲ್ಲಿ ಡಿಸ್ಕವರಿ ವಾಹಿನಿಯಲ್ಲಿ ‘ಫ್ಯೂಚರ್ ವೆಪನ್ಸ್’ ಎಂಬ ಮಾಲಿಕೆ ಆರಂಭವಾಯಿತು. ಅಮೆರಿಕದ ನೌಕಾಪಡೆಯ ವಿಶೇಷ ದಳದಲ್ಲಿದ್ದ ಯೋಧನೊಬ್ಬನು ಬಯಲಿನಲ್ಲಿ ನಿಂತು ಹೊಸ ಹೊಸ ಆಯುಧಗಳ ಪ್ರಭಾವವನ್ನು ಉತ್ಸಾಹದಿಂದ ಬಣ್ಣಿಸುವನು. ಗುಂಡು ಹಾರುವುದನ್ನು ನಿಧಾನಗತಿಯಲ್ಲಿ ನೋಡುವುದು ಸೊಗಸೇ ಸರಿ. ಆದರೆ ಅಲ್ಲಿ ಒಡೆಯುವುದು ಖಾಲಿ ವಾಹನ, ಖಾಲಿ ಗೋಡೆ. ಅಳುವವರು ಯಾರೂ ಇಲ್ಲ.

ಇದಕ್ಕೂ ಮೊದಲು, 1991ರ ಕೊಲ್ಲಿ ಯುದ್ಧದಲ್ಲಿ, ಬಾಂಬಿನ ಮೂತಿಗೆ ಕಟ್ಟಿದ ಕ್ಯಾಮರಾ ತೋರಿಸುವ ಚಿತ್ರವನ್ನು ಜಗತ್ತೇ ನೋಡಿತು. ಕಟ್ಟಡ ಹತ್ತಿರ ಹತ್ತಿರ ಬರುವುದು. ತಗುಲಿದ ಕ್ಷಣಕ್ಕೆ ತೆರೆ ಬರಿದಾಗುವುದು. ನೋಡಬೇಕಾದುದು ಆ ಬಳಿಕ ಇದೆಯೆಂಬುದು ಯಾರಿಗೂ ಹೊಳೆಯದು. ಅದೇ ವರ್ಷ ಫೆಬ್ರವರಿ 13ರಂದು ಬಾಗ್ದಾದಿನ ಅಮಿರಿಯಾ ಎಂಬ ಆಶ್ರಯಗೃಹದ ಮೇಲೆ ಅಂತಹ ‘ಗುರಿ ತಪ್ಪದ’ ಎರಡು ಬಾಂಬುಗಳು ಬಿದ್ದವು. ಅವು ಗುರಿ ತಪ್ಪಲೂ ಇಲ್ಲ. ಒಳಗಿದ್ದ 400ಕ್ಕೂ ಹೆಚ್ಚು ಮಂದಿ ನಾಗರಿಕರು ಮಡಿದರು. ಅವರಲ್ಲಿ ಹೆಂಗಸರು ಮಕ್ಕಳೇ ಬಹಳ.

ಹಾಗಾದರೆ ಬಯಲಾಟದಲ್ಲಿ ರಾತ್ರಿಯಿಡೀ ಕಾಳಗವನ್ನೇ ನೋಡಿ ಬೆಳೆದ ನಾವು ಕೆಟ್ಟೆವೇ ಎಂದು ತಾವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಾರ್ತಿಸುಬ್ಬನ ಈ ನಾಡಿನಲ್ಲಿ ಅಸ್ತ್ರದ ಹೆಸರು ಕೇಳದ ಮಗುವಿಲ್ಲ. ಆದರೆ ನಮ್ಮ ಕಥೆಗಳು ಅಸ್ತ್ರ ಬಿಟ್ಟಲ್ಲಿಗೆ ನಿಲ್ಲುವುದಿಲ್ಲ, ಬಿದ್ದಲ್ಲಿಗೂ ಕರೆದೊಯ್ಯುತ್ತವೆ. ಅಶ್ವತ್ಥಾಮನು ಕಡುಕೋಪದಿಂದ ಅಸ್ತ್ರ ಬಿಟ್ಟನು. ಹಿಂದಕ್ಕೆ ಕರೆಯುವ ವಿದ್ಯೆ ಅರ್ಜುನನಿಗಿತ್ತು, ಅವನಿಗಿರಲಿಲ್ಲ. ಅದು ಹೋಗಿ ಎರಗಿದುದು ಉತ್ತರೆಯ ಗರ್ಭದಲ್ಲಿದ್ದ ಶಿಶುವಿನ ಮೇಲೆ.

ವನಪರ್ವದಲ್ಲಿ ಇನ್ನೊಂದು ಪ್ರಸಂಗವಿದೆ. ಅದು ನಮ್ಮ ಪ್ರಶ್ನೆಗೆಂದೇ ಬರೆದಂತಿದೆ. ಅರ್ಜುನನು ಸ್ವರ್ಗದಿಂದ ದಿವ್ಯಾಸ್ತ್ರಗಳನ್ನು ಪಡೆದು ಮರಳಿದಾಗ ಧರ್ಮರಾಯನು ಅವುಗಳನ್ನು ನೋಡಬಯಸಿದನು. ಅರ್ಜುನನು ತೋರಿಸಲು ತೊಡಗಿದೊಡನೆ ಭೂಮಿ ನಡುಗಿತು, ಕಡಲು ಕಲಕಿತು, ಗಾಳಿ ನಿಂತಿತು. ಆಗ ನಾರದನು ಬಂದು ತಡೆದನು. ಗುರಿಯಿಲ್ಲದೆ ಅಸ್ತ್ರವನ್ನು ಪ್ರಯೋಗಿಸಬಾರದು, ಗುರಿಯಿದ್ದರೂ ಸಂಕಟವೊದಗದೆ ಪ್ರಯೋಗಿಸಬಾರದು ಎಂಬುದು ಅವನ ಉಪದೇಶದ ಸಾರ. ಅಸ್ತ್ರವು ರಕ್ಷಣೆಗೆ ಇರಬಹುದು, ವಿನೋದಕ್ಕಲ್ಲ. ಧರ್ಮರಾಯನಂತಹವನ ಕುತೂಹಲಕ್ಕೂ ಅಲ್ಲಿ ವಿನಾಯಿತಿ ದೊರೆಯಲಿಲ್ಲ.

ಕಾನೂನಿನಲ್ಲಿ ರಕ್ಷಣೆಯಿಲ್ಲವೆಂದಲ್ಲ. 1994ರ ಕೇಬಲ್ ದೂರದರ್ಶನ ನಿಯಮಗಳಲ್ಲಿ ಆರನೆಯದು, ಮಕ್ಕಳಿಗೆ ತಕ್ಕದಲ್ಲದ ಕಾರ್ಯಕ್ರಮಗಳನ್ನು ಮಕ್ಕಳು ಬಹುಸಂಖ್ಯೆಯಲ್ಲಿ ನೋಡುವ ವೇಳೆಯಲ್ಲಿ ಬಿತ್ತರಿಸಬಾರದೆನ್ನುತ್ತದೆ. ಆದರೆ ಈಗ ಅದೇ ಚಿತ್ರಗಳು ಕೈಯಲ್ಲಿನ ಫೋನಿಗೆ ಬರುತ್ತವೆ, ಫೋನಿಗೆ ವೇಳೆಯೆಂಬುದಿಲ್ಲ. ಕಡೆಗೆ ಕಾಯಬೇಕಾದವರು ಮನೆಯವರೇ.

ಮಗುವಿನ ಕುತೂಹಲವನ್ನು ಚಿವುಟಬೇಕೆಂದು ನನ್ನ ಅಭಿಪ್ರಾಯವಲ್ಲ. ಅದಕ್ಕೆ ಹಾದಿ ತೋರಿಸಬೇಕು. ಕ್ಷಿಪಣಿಗಳ ನಿರ್ಮಾಣದಲ್ಲಿ ಹೆಸರಾದ ಅಬ್ದುಲ್ ಕಲಾಂ ಅವರು ಹೈದರಾಬಾದಿನ ನಿಜಾಮ್ ವೈದ್ಯಸಂಸ್ಥೆಯಲ್ಲಿ, ಮೂರು ಕಿಲೋಗ್ರಾಂ ತೂಕದ ಲೋಹದ ಆಧಾರಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಎಳೆದಾಡುತ್ತಿದ್ದ ಮಕ್ಕಳನ್ನು ಕಂಡರು. ಕ್ಷಿಪಣಿಗಾಗಿ ರೂಪಿಸಿದ ಹಗುರ ವಸ್ತುವಿನಿಂದ 300 ಗ್ರಾಂ ತೂಕದ ಪಟ್ಟಿಗಳನ್ನು ಮಾಡಿಸಿಕೊಟ್ಟರು. ತಮ್ಮ ಕೆಲಸಗಳಲ್ಲಿ ಇದು ತಂದ ಆನಂದವನ್ನು ಅವರು ಅನೇಕ ಸಲ ಸ್ಮರಿಸಿದ್ದರು. ಕ್ಷಿಪಣಿಯ ವೇಗವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಈ ಲೆಕ್ಕವನ್ನೂ ನಾವು ಕಲಿಸೋಣ.

ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ಕಥೆಗೂ ನಿಜಕ್ಕೂ ಭೇದ ತಿಳಿಯದ ಎಳೆಯರ ಮುಂದೆ ಇಂತಹ ಕಾರ್ಯಕ್ರಮಗಳು ಬೇಡ. ತಿಳಿಯಬಲ್ಲ ಮಕ್ಕಳು ನೋಡುವುದಾದರೆ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲಿ, ಚಿತ್ರ ಮುಗಿದಾಗ, “ಮಗಾ, ಅದು ಬಿದ್ದಲ್ಲಿ ಯಾರಿದ್ದರು?” ಎಂದು ಕೇಳಲಿ. ಯುದ್ಧದ ಕಾಲದಲ್ಲಿ ಊಟದ ಹೊತ್ತಿಗಾದರೂ ಪೆಟ್ಟಿಗೆ ಮೌನವಾಗಿರಲಿ. ನೆರೆಮನೆಯಲ್ಲಿ ಸೈನಿಕನ ಮಗು ಇರಬಹುದೆಂಬುದನ್ನು ಮರೆಯದಿರೋಣ.

ಮೊನ್ನೆ ಆ ಹುಡುಗನು ಮತ್ತೆ ನನ್ನ ಬಳಿಗೆ ಬಂದು, “ಮಾಸ್ಟ್ರೇ, ಉತ್ತರೆಯ ಮಗು ಬದುಕಿತೇ?” ಎಂದು ಕೇಳಿದನು. ಕೃಷ್ಣನು ಬದುಕಿಸಿದನೆಂದೂ, ಆ ಮಗುವೇ ಮುಂದೆ ಪರೀಕ್ಷಿದ್ರಾಜನಾದನೆಂದೂ ಹೇಳಿದೆ. ಅವನ ಮುಖ ಅರಳಿತು. ಅಂದು ಅವನು ವೇಗವನ್ನೂ ದೂರವನ್ನೂ ಕೇಳಲಿಲ್ಲ.