ಬೂಷ್ಟಿನ ಕೆಂಪು, ಬಾಣಲೆಯ ಬಿಸಿ



ಆರತಿ ತಟ್ಟೆಯ ಓಕುಳಿಯನ್ನು ತಾವೆಲ್ಲ ನೋಡಿದ್ದೀರಿ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಕೆಂಪು. ಅದಕ್ಕೆ ನಿಂಬೆರಸ ಹಿಂಡಿ, ಮತ್ತೆ ಹಳದಿ. ನಿಸರ್ಗದ ಬಣ್ಣಕ್ಕೆ ಹುಳಿ ಏನು ಮಾಡಬಲ್ಲದೆಂದು ತಿಳಿಯಲು ಇದಕ್ಕಿಂತ ಸುಲಭದ ಪ್ರಯೋಗವಿಲ್ಲ.

ಈ ಮಾತು ಏಕೆಂದರೆ, 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳ ಪೈಕಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಆದರೆ ತುಮಕೂರಿರಲಿ, ಗುಬ್ಬಿ, ಕುಣಿಗಲ್ ಇರಲಿ, ಗೋಬಿ ಕೆಂಪಗಿಲ್ಲದಿದ್ದರೆ ಗಿರಾಕಿ ಮೂಗು ಮುರಿಯುತ್ತಾನೆ. (ಗುಬ್ಬಿಗೆ ಬಣ್ಣ ಹೊಸದಲ್ಲ, ವೀರಣ್ಣನವರ ನಾಟಕ ಕಂಪನಿಯ ಊರು. ಆ ಬಣ್ಣ ಮುಖಕ್ಕೆ, ಹೊಟ್ಟೆಗಲ್ಲ.) ಚಿತ್ರೀಕರಣ ಮುಗಿಸಿ ಬರುವಾಗ ನಮ್ಮ ತಂಡವೂ ಗಾಡಿಯ ಮುಂದೆ ನಿಂತದ್ದುಂಟು. ಬೆರಳಿಗಂಟಿದ ಕೆಂಪು ಸೋಪಿಗೂ ಹೋಗಲಿಲ್ಲ.

ಹಾಗಾದರೆ ಕೆಂಪನ್ನು ನಿಸರ್ಗದಿಂದಲೇ ತರಬಾರದೇ? ಮೊನಾಸ್ಕಸ್ ಎಂಬ ಬೂಷ್ಟನ್ನು ಅನ್ನದ ಮೇಲೆ ಬೆಳೆಸಿದರೆ ಅನ್ನ ಕಡುಗೆಂಪಾಗುತ್ತದೆ. ಚೀನೀಯರು ನೂರಾರು ವರ್ಷಗಳಿಂದ ಇದನ್ನು ಅಡುಗೆಗೆ ಬಳಸುತ್ತಿದ್ದಾರೆ. ಬೂಷ್ಟು ಮೊದಲು ತಯಾರಿಸುವುದು ಕಿತ್ತಳೆ ಬಣ್ಣ. ಅದು ಅಮೈನೋ ಆಮ್ಲದೊಡನೆ ಕೂಡಿದಾಗ ಕೆಂಪಾಗುತ್ತದೆ.

ತೊಡಕು ಮುಂದಿದೆ. ಹುಳಿಯಿಲ್ಲದ ಕಡೆ ಈ ಕೆಂಪು ಚೆನ್ನಾಗಿ ನಿಲ್ಲುತ್ತದೆ. ಹುಳಿ ಹೆಚ್ಚಿದಂತೆ ಕಳೆಗುಂದುತ್ತದೆ, ಬಿಸಿ ಕೂಡಿಕೊಂಡರೆ ಇನ್ನೂ ಬೇಗ. ಬಿಸಿಲೂ ಆಗಿಬರದು. ಬಣ್ಣವೆಂದರೆ ಅಣುವಿನಲ್ಲಿ ಬೆಳಕನ್ನು ಹೀರುವ ಬಂಧಗಳ ಸರಪಣಿ. ಅದು ತುಂಡಾದರೆ ಬಣ್ಣವೂ ಹೋಯಿತು. ಗೋಬಿ ಕರಿಯುವ ಎಣ್ಣೆ ಸುಮಾರು 170-180 ಡಿಗ್ರಿ ಸೆಲ್ಸಿಯಸ್ ಕಾದಿರುತ್ತದೆ, ಆಮೇಲೆ ವಿನೆಗರ್, ಟೊಮೇಟೊ ಸಾಸ್. ಬೂಷ್ಟಿನ ಬಣ್ಣಕ್ಕೆ ಎರಡು ಶತ್ರುಗಳೂ ಒಂದೇ ಬಾಣಲೆಯಲ್ಲಿ! ಗಾಡಿಯವನಿಗೆ ಕೃತಕ ಬಣ್ಣ ಪ್ರಿಯವಾದದ್ದು ಅಗ್ಗವೆಂದಷ್ಟೇ ಅಲ್ಲ, ಇವನ್ನು ತಾಳಿಕೊಳ್ಳುತ್ತದೆಂದು. ಅವನನ್ನು ಬೈದರೆ ಈ ಲೆಕ್ಕ ಬದಲಾಗದು.

ನೈಸರ್ಗಿಕ ಎಂದೊಡನೆ ನಂಬಿಬಿಡುವುದೂ ನನಗೆ ಒಪ್ಪಿಗೆಯಿಲ್ಲ. ಮೊನಾಸ್ಕಸ್‌ನ ಕೆಲವು ತಳಿಗಳು ಮೂತ್ರಪಿಂಡಕ್ಕೆ ಕೇಡಾದ ಸಿಟ್ರಿನಿನ್ ಎಂಬ ವಿಷವನ್ನೂ ತಯಾರಿಸುತ್ತವೆ. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ಈ ಬೂಷ್ಟಿನ ಅಕ್ಕಿಯನ್ನು ಇಲಿಗಳಿಗೆ ತಿನ್ನಿಸಿ ನಡೆಸಿದ ಸುರಕ್ಷತಾ ಪರೀಕ್ಷೆ 2009ರಲ್ಲಿ ಪ್ರಕಟವಾಯಿತು. ಆದರೂ ಇಲಿಯ ಬಟ್ಟಲಿನಿಂದ ನಮ್ಮ ತಟ್ಟೆಗೆ ಬರಲು ವಿಷವಿಲ್ಲದ ತಳಿ ಬೇಕು, ಕಾನೂನಿನ ಒಪ್ಪಿಗೆ ಬೇಕು.

ಅವೆಲ್ಲ ಸಿಕ್ಕರೂ ಈ ಕೆಂಪು ಹೊಂದುವುದು ಐಸ್‌ಕ್ರೀಮಿಗೆ, ಕಾಯಿಸಿ ಇಳಿಸಿ ಆರಿದ ಹಾಲಿಗೆ. ಉಪ್ಪಿನಕಾಯಿಗಲ್ಲ, ಗೋಬಿಗಂತೂ ಅಲ್ಲ.