ಸೋತವಳಿಗಾಗಿ ಅತ್ತ ರಾತ್ರಿ



1985ರ ಆಗಸ್ಟ್ 28ರ ರಾತ್ರಿ. ಜಪಾನಿನ ಒಸಾಕಾ ನಗರದ ಒಸಾಕಾ-ಜೋ ಹಾಲ್ ಒಳಾಂಗಣದಲ್ಲಿ ಮಹಿಳೆಯರ ವೃತ್ತಿಪರ ಕುಸ್ತಿ. ನೋಡಲು ಬಂದವರಲ್ಲಿ ಹರೆಯದ ಹುಡುಗಿಯರೇ ಹೆಚ್ಚು. ಅಖಾಡದಲ್ಲಿ ಅವರ ಮೆಚ್ಚಿನ ತಾರೆ, 20 ವರ್ಷದ ಚಿಗುಸಾ ನಾಗಾಯೊ. ಎದುರಿಗೆ ಮುಖಕ್ಕೆ ಬಣ್ಣ ಬಳಿದ ಖಳನಾಯಕಿ ಡಂಪ್ ಮಾತ್ಸುಮೊಟೊ. ಸೋತವರ ತಲೆ ಬೋಳಿಸಬೇಕೆಂಬುದು ಪಣ.

ಚಿಗುಸಾ ಸೋತರು. ಅಖಾಡದ ನಡುವೆಯೇ ಅವರ ತಲೆ ಬೋಳಿಸುವಾಗ ಹುಡುಗಿಯರು ಬಿಕ್ಕಿ ಬಿಕ್ಕಿ ಅತ್ತರು.

ಇಂಥ ಕುಸ್ತಿಯಲ್ಲಿ ಗೆಲ್ಲುವವರನ್ನು ಸಾಮಾನ್ಯವಾಗಿ ಮೊದಲೇ ಗೊತ್ತುಮಾಡಿರುತ್ತಾರಲ್ಲ, ಅಳುವುದೇಕೆ ಎಂದು ನೀವು ಕೇಳಬಹುದು. ಫಲಿತಾಂಶ ಹೇಗೇ ಇರಲಿ, ಬಿದ್ದ ಪೆಟ್ಟು, ಹರಿದ ರಕ್ತ, ಹೋದ ಕೂದಲು ನಿಜವಾದವು. ಹೆಣ್ಣೊಬ್ಬಳು ಬೀಳುವುದನ್ನೂ ಮತ್ತೆ ಮತ್ತೆ ಏಳುವುದನ್ನೂ ಆ ಹುಡುಗಿಯರು ಕಣ್ಣಾರೆ ಕಂಡರು.

ಮುಂದಿನ ವರ್ಷ ನವೆಂಬರಿನಲ್ಲಿ ಅದೇ ಅಂಗಣದಲ್ಲಿ ಚಿಗುಸಾ ಗೆದ್ದರು. ಈ ಸಲ ಡಂಪ್ ತಲೆ ಬೋಳಾಯಿತು.

ಆದರೆ ಇದಕ್ಕಿಂತ ದೊಡ್ಡ ಪಟ್ಟೊಂದು ಅಖಾಡದ ಹೊರಗಿತ್ತು. ಈ ಪಂದ್ಯಗಳನ್ನು ನಡೆಸುತ್ತಿದ್ದ ಆಲ್ ಜಪಾನ್ ವಿಮೆನ್ಸ್ ಸಂಸ್ಥೆಯಲ್ಲಿ 25ರ ಆಸುಪಾಸಿಗೆ ನಿವೃತ್ತರಾಗಬೇಕೆಂಬ ವಾಡಿಕೆ. ಟಿಕೆಟ್ ಮಾರಿಕೊಟ್ಟ ತಾರೆಯರಿಗೂ ವಿನಾಯಿತಿಯಿಲ್ಲ. 1988ರಲ್ಲಿ ಡಂಪ್, 1989ರಲ್ಲಿ ಚಿಗುಸಾ ಅಖಾಡ ಬಿಟ್ಟರು.

ಚಿಗುಸಾ ಸುಮ್ಮನೆ ಕೂರಲಿಲ್ಲ. 1990ರ ದಶಕದಲ್ಲಿ ಮರಳಿ ಬಂದು, ಗಾಯಾ ಜಪಾನ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದರು, ಹೊಸ ಹುಡುಗಿಯರಿಗೆ ಪಟ್ಟು ಕಲಿಸಿದರು. ಬೋಳಿಸಿದ ಕೂದಲು ತಾನಾಗಿಯೇ ಬೆಳೆಯುತ್ತದೆ. ಕಳೆದುಕೊಂಡ ಕೆಲಸವನ್ನು ಮಾತ್ರ ಹೀಗೆ ಹೋರಾಡಿಯೇ ಪಡೆಯಬೇಕು.