ಎಳೆಯರ ಕಣ್ಣು, ಎಳೆಯರ ಮಾತು
(ಶತಮಾನೋತ್ಸವದ ರಕ್ಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



2020ರ ಜೂನ್ ತಿಂಗಳಲ್ಲಿ ಶಾಲೆ ಮುಚ್ಚಿದ್ದಾಗ ವಿಕ್ಟರ್ಸ್ ವಾಹಿನಿಯ ‘ಫಸ್ಟ್ ಬೆಲ್’ ಪಾಠಗಳಿಗಾಗಿ ಮಕ್ಕಳ ಕೈಗೆ ಮೊಬೈಲ್ ಕೊಡಿರೆಂದು ಬೇಡಿದವರು ನಾವೇ. ಇಂದು ಅದಕ್ಕೆ ಮಿತಿಯಿರಲೆಂದು ಕೋರುವ ಹೊಣೆಯೂ ನಮ್ಮದೇ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ 2 ವರ್ಷ ತುಂಬದ ಶಿಶುಗಳಿಗೆ ಪರದೆ ಸಲ್ಲದು; 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳಿತು.

ಕಾಸರಗೋಡಿನ ನಮಗೆ ಇದು ನುಡಿಯ ಪ್ರಶ್ನೆಯೂ ಹೌದು. ಮನೆಯಲ್ಲಿ ತುಳು, ಕೊಂಕಣಿ, ಮರಾಟಿ, ಮಲಯಾಳವಾಡುವ ಮಗುವಿಗೆ ಕನ್ನಡವು ಎದುರು ಕುಳಿತವರ ಬಾಯಿಂದಲೇ ಬರಬೇಕು. ಪರದೆ ಮಾತನಾಡುತ್ತದೆ, ಮಗುವಿನ ಮಾತಿಗೆ ಕಿವಿಗೊಡುವುದಿಲ್ಲ. ಬಣ್ಣಗಳನ್ನೆಲ್ಲ ಇಂಗ್ಲಿಷಿನಲ್ಲಿ ಒಪ್ಪಿಸಿದ ಪುಟಾಣಿಯೊಂದು ಅಂಗಳದ ಹಲಸನ್ನು ಯಾವ ಭಾಷೆಯಲ್ಲಿಯೂ ಹೆಸರಿಸಲಾರದೆ ನಿಂತುದನ್ನು ನಾವು ಕಂಡಿದ್ದೇವೆ.

ಆದುದರಿಂದ ಪೂರ್ವ ಪ್ರಾಥಮಿಕ ತರಗತಿಯಲ್ಲಿ ವಾರಕ್ಕೆರಡು ಬಾರಿ, 15 ನಿಮಿಷ ಮಾತ್ರ ಪರದೆ. ಅಧ್ಯಾಪಿಕೆಯೊಡನೆ ನೋಡಿದ ಬಳಿಕ ಅದರ ಕುರಿತು ಮಾತುಕತೆ ಎಂದು ನಿಶ್ಚಯಿಸಿದ್ದೇವೆ. ಪಾಠದ ಹೊತ್ತಿನಲ್ಲಿ ಅಧ್ಯಾಪಕರ ಮೊಬೈಲುಗಳು ಕಚೇರಿಯ ಕಪಾಟಿನಲ್ಲಿರುತ್ತವೆ, ನಮ್ಮದೂ ಅಲ್ಲಿಯೇ.

ಮನೆಯಲ್ಲಿ ಊಟದ ಹೊತ್ತನ್ನಾದರೂ ನೀವು ಉಳಿಸಿಕೊಡಿ. ತುತ್ತಿಗೊಂದು ಮಾತು ಸಾಕು, ಅದು ನಿಮ್ಮ ಮನೆಮಾತೇ ಆಗಿರಲಿ. ಮಾತಿನ ರುಚಿ ಹತ್ತಿದ ಮಗುವಿಗೆ ಕನ್ನಡ ಕಲಿಸುವ ಕೆಲಸವನ್ನು ಈ ಶಾಲೆ ನೂರು ವರ್ಷಗಳಿಂದ ಮಾಡುತ್ತ ಬಂದಿದೆ, ಮುಂದೆಯೂ ಮಾಡುವುದು.